ಹೊಡೆದವನೇ ಎತ್ತಿ ಕೊಡಬೇಕು

ಅವನ ಹೆಸರು ಬರೆಯುವುದಿಲ್ಲ. ಬರೆದರೆ ಮಣ್ಣು ಕೊಡವಿಕೊಂಡು ಎದ್ದು ಬಂದು, ನನ್ನ ಹೆಸರು ತಗೊಂಡು ಏನು ಮಾಡುತ್ತೀರಿ ಸಾವಕಾರ, ಅದರ ಬದಲು ಒಂದು ಚೀಲ ಎತ್ತಿ ಕೊಡಿ ಎನ್ನುವವರ ಪೈಕಿ ಅವನು. ರಾಯಬಾಗ ಟೇಸನ್ನಿನಲ್ಲಿ ಎಲ್ಲರಿಗೂ ಅವನು ಮಾಮಾ. ಟಿಕೇಟು ಕೊಡುವವನಿಗೂ ಮಾಮಾ, ಟಿಕೇಟಿಲ್ಲದೆ ಹತ್ತುವವನಿಗೂ ಮಾಮಾ. ಕೆಲಸ ಹಮಾಲಿ. ನಮ್ಮ ಅಡತಿ ಅಂಗಡಿಯ ಬೆಲ್ಲದ ಚೀಲಗಳನ್ನು ಗೂಡ್ಸು ಗಾಡಿಗೆ ಏರಿಸುವವನು. ಹುಟ್ಟಿನಿಂದ ಕಿರಸ್ತಾನ.

ಅವನ ಬೆನ್ನನ್ನು ನೀವು ನೋಡಬೇಕಿತ್ತು. ಕುತ್ತಿಗೆಯ ಬುಡದಲ್ಲಿ ಚರ್ಮ ಎತ್ತಿನ ಹೆಗಲಿನಂತೆ ಕಾಯಿಗಟ್ಟಿ, ಅಂಗಿಯ ಒಳಗೆ ಯಾರೋ ಕಂಬಳಿ ಮಡಚಿ ಇಟ್ಟ ಹಾಗೆ ಎದ್ದು ಕಾಣುತ್ತಿತ್ತು. ಆ ಬೆನ್ನಿನ ಮೇಲೆ ಬೆಲ್ಲ ಹೋಗಿದೆ, ಗೊಬ್ಬರ ಹೋಗಿದೆ, ಲಗ್ನದ ಟ್ರಂಕುಗಳು ಹೋಗಿವೆ. ಮನುಷ್ಯರ ರಕ್ತವೂ ಹರಿದು ಹೋಗಿದೆ. ಅದರಲ್ಲಿ ನನ್ನ ರಕ್ತವೂ ಇದೆ. ಅದು ಹೇಗೆ ಹರಿಯಿತು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಷ್ಟು ವರ್ಷ ಯಾರಾದರೂ ನನ್ನ ಕುಂಟಗಾಲಿನ ಬಗ್ಗೆ ಕೇಳಿದರೆ ಮೋಟಾರ್‌ಸೈಕಲ್ಲಿನಿಂದ ಬಿದ್ದೆ ಎನ್ನುತ್ತಿದ್ದೆ. ನನಗೆ ಮೋಟಾರ್‌ಸೈಕಲ್ಲು ಹೊಡೆಯಲಿಕ್ಕೆ ಬರುವುದಿಲ್ಲ.

ನನ್ನ ಬಗ್ಗೆಯೂ ನಾಲ್ಕು ಮಾತು ಹೇಳದಿದ್ದರೆ ಕಥೆ ನಿಮಗೆ ತಿಳಿಯುವುದಿಲ್ಲ. ಚಿಕ್ಕೋಡಿಯಿಂದ ಅಥಣಿಯವರೆಗೆ ಚೇಷ್ಟೆಯಲ್ಲಿ ನನ್ನನ್ನು ಮೀರಿಸಿದವನು ಹುಟ್ಟಿಲ್ಲ, ಹುಟ್ಟಿದ್ದರೂ ನನ್ನ ಎದುರು ಬಂದಿಲ್ಲ. ಕಾಗವಾಡದ ಮದುವೆಗೆ ಹೇಳಿದ ಬ್ಯಾಂಡನ್ನು ಮಂಗಸೂಳಿಯ ಮದುವೆಗೆ ಕಳಿಸಿ, ಒಂದೂರಲ್ಲಿ ಎರಡು ಬ್ಯಾಂಡು, ಇನ್ನೊಂದರಲ್ಲಿ ಬರೀ ಹೆಂಗಸರ ಸೋಬಾನೆ ಆಗುವಂತೆ ಮಾಡಿದವನು ನಾನು. ತಪಾಸಣೆಗೆ ಬಂದ ಸಾಹೇಬನ ಕುರ್ಚಿಗೆ ಕಾಕಂಬಿ ಸವರಿದವನೂ ನಾನೇ. ಸಾಹೇಬ ಎದ್ದಾಗ ಕುರ್ಚಿಯೂ ಎದ್ದಿತು. ಆದರೆ ಒಂದು ಮಾತು. ನಮ್ಮದು ಜೈನ ಮನೆತನ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ನೀರು ಸೋಸದೆ ಕುಡಿಯುವುದಿಲ್ಲ. ಹುಟ್ಟಿದಾಗಿನಿಂದ ಒಂದು ಇರುವೆಗೂ ಕೈ ಎತ್ತಿದವನಲ್ಲ ನಾನು. ಹೀಗಂತ ಬಹಳ ಜಂಬ ಇತ್ತು ನನಗೆ.

ಮಾಮಾನ ಮೇಲೆ ನನ್ನ ಕಣ್ಣು ಬಿದ್ದದ್ದು ಅವನಿಗೆ ಸಿಟ್ಟೇ ಬರುವುದಿಲ್ಲವೆಂದು. ಸಿಟ್ಟು ಬಾರದ ಮನುಷ್ಯ ನನ್ನಂಥವನಿಗೆ ಬೀಗವಿದ್ದ ಪೆಟ್ಟಿಗೆ ಇದ್ದ ಹಾಗೆ. ಅವನಿಗೆ ಓದು ಬರುತ್ತಿರಲಿಲ್ಲ. ಗಾಡಿ ತಡವಾದಾಗ ಸೊಂಟದಿಂದ ಸಣ್ಣ ಸುವಾರ್ತೆಯ ಪುಸ್ತಕ ತೆಗೆದು, ಒಂದು ಪುಟ ಓದಿ ಹೇಳ್ರಿ ಸಾವಕಾರ ಎನ್ನುತ್ತಿದ್ದ. ಒಂದು ದಿನ ಆ ಪುಸ್ತಕದೊಳಗೆ ರೈಲಿನ ವೇಳಾಪಟ್ಟಿ ಇಟ್ಟುಕೊಂಡು, ಪಾದ್ರಿಗಳ ಹಾಗೆ ದನಿ ಎಳೆದು ಓದಿದೆ. ರಾಯಬಾಗದಿಂದ ಹೊರಟು ಚಿಂಚಲಿಗೆ ಬಂದನು, ಚಿಂಚಲಿಯಿಂದ ಕುಡಚಿಗೆ ಬಂದನು, ಅಲ್ಲಿ ಎರಡು ನಿಮಿಷ ನಿಂತನು, ಅಲ್ಲಿಂದ ಎದ್ದು ಶೇಡಬಾಳಕ್ಕೆ, ಶೇಡಬಾಳದಿಂದ ಮಿರಜಕ್ಕೆ. ಸುತ್ತಲಿನ ಹಮಾಲರು ಧೋತರ ಬಾಯಿಗೆ ತುರುಕಿಕೊಂಡು ನಗು ತಡೆದರು. ಮಾಮಾ ಕಣ್ಣು ಮುಚ್ಚಿ, ಕೈ ಜೋಡಿಸಿ ಕೊನೆಯವರೆಗೂ ಕೇಳಿದ. ಆಮೆನ್ ಎಂದ. ಆಮೇಲೆ ಒಂದು ಕಣ್ಣು ತೆರೆದ.

"ಉಗಾರ ಬಿಟ್ರೆಲ್ಲ ಸಾವಕಾರ. ಆ ಟೇಸನ್ನಿನ್ಯಾಗೂ ಮಂದಿ ಅದಾರ್ರಿ."

ಆಮೇಲೆ ಮೂರು ದಿನ ನನಗೆ ಅಂಗಡಿಗೆ ಬರಲಿಕ್ಕೆ ನಾಚಿಕೆಯಾಯಿತು.

ಅವನು ಮೊದಲಿನಿಂದ ಹೀಗಿದ್ದವನಲ್ಲ. ನಿಪ್ಪಾಣಿಯ ಕಥೆಯನ್ನು ಅವನೇ ಒಮ್ಮೆ ಚೀಲದ ಮೇಲೆ ಕೂತು, ಶೇಂಗಾ ಬೆಲ್ಲ ತಿನ್ನುತ್ತ, ಬೇರೆ ಯಾರದೋ ಕಥೆಯಂತೆ ಹೇಳಿದ. ಹರೆಯದಲ್ಲಿ ಅಲ್ಲಿ ತಂಬಾಕಿನ ವಖಾರದಲ್ಲಿ ಹಮಾಲಿ ಮಾಡುತ್ತಿದ್ದನಂತೆ. ಹೊಟ್ಟೆಯಲ್ಲಿ ಕುಡಿದ ಸೆರೆ, ಕೈಯಲ್ಲಿ ಚೀಲ ಎಳೆಯುವ ಕಬ್ಬಿಣದ ಕೊಕ್ಕೆ. ಯಾರು ಮೊದಲು ಲಾರಿ ತುಂಬಬೇಕು ಎಂಬಲ್ಲಿಂದ ಮಾತು ಬೆಳೆದು ಜೊತೆಯ ಹಮಾಲನ ತೋಳಿಗೆ ಆ ಕೊಕ್ಕೆ ಹಾಕಿ ಎಳೆದ.

"ಚೀಲಾ ಎಳದಂಗ ಎಳದೆ, ಸಾವಕಾರ. ಚೀಲದಾಗಿಂದ ತಂಬಾಕ ಉದರತೈತಿ. ಅಂವನ ತೋಳಿನಾಗಿಂದ ಬೆಳ್ಳನ ನರಾ ಬಂತು."

ಆ ತೋಳು ಮತ್ತೆ ಎಚ್ಚರಾಗಲಿಲ್ಲ. ಮಾಮಾ ಬೆಳಗಾವಿಯ ಜೇಲಿಗೆ ಹೋದ. ಬಿಟ್ಟ ದಿನ ತನ್ನ ಮನೆಗೆ ಹೋಗದೆ ಆ ಹಮಾಲನ ಬಾಗಿಲಿಗೆ ಹೋಗಿ ನಿಂತ. ಗಂಡ ಉಗುಳಿದ. ಹೆಂಡತಿ ಒಲೆಯಿಂದ ಕೊಳ್ಳಿ ತೆಗೆದು ಮುಖಕ್ಕೆ ಎಸೆದಳು. ಅವನ ಎಡಹುಬ್ಬು ಅರ್ಧ ಇರಲಿಲ್ಲ, ಅದು ಆ ಕೊಳ್ಳಿಯ ಕೆಲಸ. ಮರುದಿನ ಮತ್ತೆ ಹೋದ. ಮಾತಿಲ್ಲದೆ ಅವರ ಕೊಡ ತೆಗೆದುಕೊಂಡು ಹೋಗಿ ಓಣಿಯ ನಳದಿಂದ ನೀರು ತುಂಬಿದ. ಅವರು ಅವನ ಎದುರೇ ಆ ನೀರನ್ನು ಗಟಾರಕ್ಕೆ ಸುರಿದರು. ಅದರ ಮರುದಿನ ಮತ್ತೆ ತಂದ. ಹೀಗೆ ಒಂದು ಮಳೆಗಾಲ ಕಳೆಯಿತಂತೆ. ಒಂದು ಮುಂಜಾನೆ ಆ ಹಮಾಲ ತಾನೇ ನಳದ ಕಟ್ಟೆಗೆ ಬಂದು, ಉಳಿದ ಒಂದು ಕೈಯಿಂದ, ಮೊಣಕಾಲು ಕೊಟ್ಟು, ಕೊಡವನ್ನು ಮಾಮಾನ ಹೆಗಲಿಗೆ ಎತ್ತಿ ಇಟ್ಟ.

"ಅವತ್ತ ನೋಡ್ರಿ ಯೇಸುಸ್ವಾಮಿ ನನಗ ಸಿಕ್ಕ. ಚರ್ಚಿನ್ಯಾಗ ಅಲ್ಲ, ನಳದ ಕಟ್ಟಿ ಮ್ಯಾಲ."

ಆಗ ನೀನು ಅತ್ತಿಯೇನು ಎಂದು ಕೇಳಿದೆ. ಇಲ್ಲವಂತೆ, ನಗು ಬಂತಂತೆ. ತಡೆದರೂ ನಿಲ್ಲಲಿಲ್ಲವಂತೆ. ಕೊಡ ಹೊತ್ತುಕೊಂಡು ಓಣಿಯುದ್ದಕ್ಕೂ ನಗುತ್ತ ಹೋದದ್ದನ್ನು ನೋಡಿ ಜೇಲಿನಲ್ಲಿ ತಲೆ ಕೆಟ್ಟಿದೆ ಎಂದು ಜನ ಮಾತಾಡಿದರಂತೆ.

ಹಮಾಲಿಯಲ್ಲಿ ಒಂದು ಪದ್ಧತಿ ಇದೆ. ಎಂಥ ಗಟ್ಟಿ ಹಮಾಲನಾದರೂ ತನ್ನ ಬೆನ್ನಿಗೆ ತಾನೇ ಚೀಲ ಹೊರಿಸಿಕೊಳ್ಳಲಾರ. ಅವನು ಬೆನ್ನು ತಿರುಗಿಸಿ ಬಗ್ಗಬೇಕು, ಮತ್ತೊಬ್ಬರು ಎತ್ತಿ ಕೊಡಬೇಕು. ಮಾಮಾ ಈ ಪದ್ಧತಿಯನ್ನು ಹೊಡೆದಾಟಗಳಿಗೆ ತಂದ. ನಮ್ಮ ಕಡೆ ಆ ಕಾಲದಲ್ಲಿ ಹೊಡೆದಾಟಕ್ಕೆ ಬರ ಇರಲಿಲ್ಲ. ಕಬ್ಬು ಕಡಿಯುವ ಕುಡುಗೋಲು ಎಲ್ಲರ ಮನೆಯ ಬಾಗಿಲಿನಲ್ಲೂ ಸಿಕ್ಕಿಸಿರುತ್ತಿತ್ತು. ಬಿದ್ದವನನ್ನು ಮುಟ್ಟಲಿಕ್ಕೆ ಮಂದಿ ಹೆದರುತ್ತಿದ್ದರು, ಸಾಕ್ಷಿಗೆ ಕರೆಯುತ್ತಾರೆಂದು. ಮಾಮಾನಿಗೆ ಸುದ್ದಿ ಮುಟ್ಟಿದರೆ ಕೈಯಲ್ಲಿದ್ದ ಚೀಲ ಬಿಟ್ಟು ಬರುತ್ತಿದ್ದ. ಬಿದ್ದವನನ್ನು ಹೊತ್ತು ಟೇಸನ್ನಿಗೆ ತಂದು, ಗಾಡಿ ಹತ್ತಿಸಿ, ಮಿರಜದ ದವಾಖಾನೆಗೆ ಮುಟ್ಟಿಸುತ್ತಿದ್ದ. ಆದರೆ ಹೊಡೆದವನು ಎತ್ತಿ ಕೊಡದೆ ಹೊರುತ್ತಿರಲಿಲ್ಲ.

ಮೊದಲ ಸಲ ನಾನು ಇದನ್ನು ಕಂಡದ್ದು ಪಾಲಬಾವಿ ಕಡೆಯ ಒಂದು ಬೆಲ್ಲದ ಗಾಣದಲ್ಲಿ. ಒಲೆಗೆ ರವದಿ, ಅಂದರೆ ಒಣಗಿದ ಕಬ್ಬಿನ ಗರಿ, ತುರುಕುವ ಆಳು ಪಾಕದ ಹದ ನೋಡುವವನ ತಂಗಿಯ ಬಗ್ಗೆ ಏನೋ ಅಂದ. ಹದ ನೋಡುವವನು ಅವನ ಕುತ್ತಿಗೆ ಹಿಡಿದು ಕುದಿಯುವ ಕೊಪ್ಪರಿಗೆಗೆ ಬಗ್ಗಿಸಿದ. ಮುಖ ಉಳಿಯಿತು, ಬಲಗೈ ಭುಜದವರೆಗೆ ಪಾಕದಲ್ಲಿ ಮುಳುಗಿತು. ಪಾಕ ನೀರಿನಂತಲ್ಲ, ಅಂಟಿಕೊಳ್ಳುತ್ತದೆ. ಕೈ ಹೊರಗೆ ತೆಗೆದಾಗ ಅಂಗಿಯ ತೋಳಿನ ಜೊತೆ ಚರ್ಮವೂ ಜಾರಿ ಮೊಣಕೈಯಲ್ಲಿ ಗಂಟಾಗಿ ನಿಂತಿತ್ತು. ಅವನು ಕೂಗಿದ ಕೂಗಿಗೆ ಎತ್ತುಗಳು ಹಗ್ಗ ಹರಿದುಕೊಂಡವು. ನಾನು ಅಲ್ಲಿಗೆ ಬೆಲ್ಲ ನೋಡಲಿಕ್ಕೆ ಹೋದವನು.

ನನ್ನ ಜೊತೆ ಬಂದಿದ್ದ ಮಾಮಾ ಹದ ನೋಡುವವನ ಎದುರಿಗೆ ಹೋಗಿ ಬೆನ್ನು ತಿರುಗಿಸಿದ. ಮೊಣಕಾಲಿನ ಮೇಲೆ ಕೈ ಊರಿ ಬಗ್ಗಿದ.

"ಹೂಂ, ಕೊಡು."

ಅವನು ಕೊಪ್ಪರಿಗೆಯ ಹಿಂದೆ ಸರಿದ. ಅವನ ಕೈಯಲ್ಲಿ ಪಾಕ ತಿರುವುವ ಉದ್ದನೆಯ ಸಟ್ಟುಗ ಇತ್ತು, ಎತ್ತಿ ಹಿಡಿದ. ಮಾಮಾ ತಿರುಗಿಯೂ ನೋಡಲಿಲ್ಲ. ಬಗ್ಗಿದ್ದವನು ಬಗ್ಗಿಯೇ ಇದ್ದ. ಸುಟ್ಟವನು ನೆಲದ ಮೇಲೆ ಹೊರಳುತ್ತಿದ್ದ. ಗಾಣದ ಮಾಲೀಕ ತಾನೇ ಎತ್ತುತ್ತೇನೆಂದು ಬಂದ. ಮಾಮಾ ಬೇಡವೆಂದು ಕೈ ಆಡಿಸಿದ. ಎಷ್ಟು ಹೊತ್ತು ಎಂದು ಹೇಳಲಾರೆ, ನನಗೆ ಅದು ಒಂದು ವರ್ಷ. ಕೊನೆಗೆ ಸಟ್ಟುಗ ಕೆಳಗೆ ಬಿತ್ತು. ಹದ ನೋಡುವವನು ಬಂದು ಸುಟ್ಟವನನ್ನು ತಬ್ಬಿ ಎತ್ತಿದ. ಎತ್ತುವಾಗ ಬಿಸಿ ಪಾಕದ ಜೊತೆ ಆ ಚರ್ಮ ಅವನ ಅಂಗೈಗೆ ಅಂಟಿತು. ಅವನೂ ಕೂಗಿದ. ಇಬ್ಬರ ಕೂಗೂ ಒಂದೇ ಆಗಿತ್ತು.

ಮಾಮಾ ಹೊತ್ತು ಹೊರಟ. ಹೊತ್ತಾಗ ಮೂಗಿನಲ್ಲಿ ಒಂದು ರಾಗ ಗುನುಗುವುದು ಅವನ ರೂಢಿ, ಹೆಜ್ಜೆಗೆ ಸರಿಯಾಗಿ. ಅಂದೂ ಗುನುಗಿದ. ನನಗೆ ಸಿಟ್ಟು ಬಂತು. ಇಂಥ ಹೊತ್ತಿನಲ್ಲಿ ಹಾಡೇ? ಆಮೇಲೆ ಕೇಳಿದಾಗ ಅವನು ಒಂದೇ ಮಾತು ಹೇಳಿದ.

"ಹೊಡಿಯೂಮುಂದ ಮನಶ್ಯಾ ಹತ್ತಿ ಚೀಲಾ ಇದ್ದಂಗ, ಸಾವಕಾರ. ಎತ್ತೂಮುಂದ ಬೆಲ್ಲದ ಚೀಲಾ. ಒಮ್ಮೆ ತೂಕಾ ತಿಳೀತಂದ್ರ ಮತ್ತ ಹೊಡಿಯಾಕ ಕೈ ಬರೂದುಲ್ಲ."

ಎಲ್ಲರೂ ಬದುಕಿದರು ಎಂದು ನಾನು ಸುಳ್ಳು ಹೇಳುವುದಿಲ್ಲ. ತೆಲಸಂಗದಿಂದ ಬಂದ ಒಬ್ಬ, ಹೊಟ್ಟೆ ಸೀಳಿದವನು, ಶೇಡಬಾಳ ದಾಟುವುದರೊಳಗೆ ಮಾಮಾನ ತೊಡೆಯ ಮೇಲೆ ಸತ್ತ. ಮಾಮಾ ಅವನನ್ನು ಮರುಗಾಡಿಗೆ ತಂದು, ಮೈ ತೊಳೆದು, ಹೊಟ್ಟೆಗೆ ತನ್ನ ಧೋತರ ಕಟ್ಟಿ ಮನೆಯವರಿಗೆ ಒಪ್ಪಿಸಿದ. ಆ ವಾರ ಅವನು ಗುನುಗಲಿಲ್ಲ. ಮುಂದಿನ ವಾರ ಮತ್ತೆ ಶುರು.

ನಾನು ಕೆಣಕುತ್ತಿದ್ದೆ. ಯಾರದೋ ಕೈ, ಯಾರದೋ ಕಾಲು, ಇದರಿಂದ ನಿನಗೆ ಏನು ಸಿಗುತ್ತದೆ ಮಾರಾಯ? ಅವನು ತಿರುಗಿ ನನ್ನನ್ನೇ ಕೇಳಿದ. ಬ್ಯಾಂಡಿನವರನ್ನು ತಪ್ಪು ಊರಿಗೆ ಕಳಿಸಿದಿರಲ್ಲ, ಅದರಿಂದ ನಿಮಗೇನು ಸಿಕ್ಕಿತು?

"ಖುಷಿ ಸಿಗತೈತಿ ಮಾಮಾ," ಎಂದೆ.

"ನನಗೂ ಅದ ಸಿಗತೈತ್ರಿ. ನಿಮ್ಮದು ಎಷ್ಟ ದಿನಾ ಇರತೈತಿ?"

ನಾನು ಲೆಕ್ಕ ಹಾಕಿ, ಎರಡು ದಿನ, ಒಳ್ಳೆಯ ಚೇಷ್ಟೆಯಾದರೆ ನಾಲ್ಕು ಎಂದೆ. ಅವನು ಪಾಪ ಎನ್ನುವಂತೆ ನನ್ನ ಕಡೆ ನೋಡಿದ. ಹೊಟ್ಟೆ ಉರಿಯಿತು. ಎಂಟು ದಿನ ಬಾಳುವ ಚೇಷ್ಟೆ ಮಾಡುತ್ತೇನೆ ನೋಡು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ನಮ್ಮೂರಿನಲ್ಲಿ ಭೀಮಪ್ಪ, ಅಪ್ಪಾಸಾಬ ಎಂದು ಇಬ್ಬರು ಒಕ್ಕಲಿಗರು, ಅಣ್ಣತಮ್ಮಂದಿರ ಮಕ್ಕಳು. ವಾಟಣಿಯಾಗಿ ಹೊಲ ಪಾಲಾದಾಗಿನಿಂದ ಇಪ್ಪತ್ತು ವರ್ಷ ಮಾತಿಲ್ಲ. ಇಬ್ಬರ ಕಬ್ಬಿನ ಹೊಲಗಳ ನಡುವೆ ಮೊಣಕಾಲೆತ್ತರದ ಒಂದು ಬಾಂದಗಲ್ಲು. ಭೀಮಪ್ಪ ತನ್ನ ಬದಿಗೆ ಸುಣ್ಣ ಬಳಿಯುತ್ತಿದ್ದ, ಅಪ್ಪಾಸಾಬ ತನ್ನ ಬದಿಗೆ ಕೆಮ್ಮಣ್ಣು. ದಿನಾ ಮುಂಜಾನೆ ಒಬ್ಬರಾದ ಮೇಲೆ ಒಬ್ಬರು ಬಂದು ಅದು ಇದ್ದಲ್ಲೇ ಇದೆಯೇ ಎಂದು ನೋಡಿಕೊಂಡು ಹೋಗುತ್ತಿದ್ದರು. ನಾವು ಬಸ್ತಿಗೆ ಹೋಗಿ ದರ್ಶನ ಮಾಡಿದ ಹಾಗೆ.

ಒಂದು ಬೇಸಿಗೆಯ ಮಧ್ಯಾಹ್ನ, ಊರೆಲ್ಲ ಮಲಗಿದ್ದಾಗ, ಗೊಬ್ಬರದ ಚೀಲ ಎಳೆಯಬೇಕೆಂದು ಹೇಳಿ ಮಾಮಾನ ಕೊಕ್ಕೆ ಇಸಕೊಂಡು ಹೊಲಕ್ಕೆ ಹೋದೆ. ನೀರು ಹಾಯಿಸಿದ ನೆಲ, ಕಲ್ಲು ಸಡಿಲಿತ್ತು. ನೆತ್ತಿಗೆ ಕೊಕ್ಕೆ ಹಾಕಿ ಎಳೆದು, ಅಪ್ಪಾಸಾಬನ ಹೊಲದೊಳಕ್ಕೆ ಎರಡು ಹೆಜ್ಜೆ ಸರಿಸಿ ನೆಟ್ಟೆ. ಹಳೆಯ ಕುಣಿ ಮುಚ್ಚಿ ರವದಿ ಹರವಿದೆ. ಆ ಸೊಗಸಿನ ಕೆಲಸಕ್ಕೆ ನನಗೆ ನಾನೇ ಶಾಬಾಸ್ ಹೇಳಿಕೊಂಡೆ. ಮರುದಿನ ಇಬ್ಬರೂ ಹಗ್ಗ ಹಿಡಿದು ಅಳೆಯುತ್ತಾರೆ, ತಲಾಠಿಯನ್ನು ಕರೆಸುತ್ತಾರೆ, ಎಂಟು ದಿನ ಊರಿಗೇ ನಗು, ಇದು ನನ್ನ ಅಂದಾಜು. ಕೊಕ್ಕೆಯನ್ನು ಹಾಗೇ ಒಯ್ದು ಮಾಮಾನಿಗೆ ಕೊಟ್ಟೆ. ಒರೆಸಲಿಲ್ಲ. ಅಷ್ಟು ದೊಡ್ಡ ಜಾಣ ನಾನು.

ಮರುದಿನ ಮುಂಜಾನೆ ತಮಾಷೆ ನೋಡಲಿಕ್ಕೆ ಬದುವಿನ ಬೇವಿನ ಕೆಳಗೆ ಹೋಗಿ ಕೂತೆ. ಅಪ್ಪಾಸಾಬ ಬಂದ. ಕಲ್ಲು ನೋಡಿದ. ಹಗ್ಗ ತರಲಿಲ್ಲ, ಅಳೆಯಲಿಲ್ಲ. ಇಪ್ಪತ್ತು ವರ್ಷ ಇದೊಂದಕ್ಕೇ ಕಾಯುತ್ತಿದ್ದವನಂತೆ ತಿರುಗಿ ಹೋಗಿ ಕೊಡಲಿ ತಂದ. ಭೀಮಪ್ಪ ತನ್ನ ಹೊಲದಲ್ಲಿ ಬಗ್ಗಿ ಕಳೆ ಕೀಳುತ್ತಿದ್ದ. ಮೊದಲ ಏಟು ಬಲಭುಜದ ಎಲುಬಿಗೆ. ಒಣಗಿದ ಜಾಲಿಯ ಕೊಂಬೆ ಮುರಿದ ಸದ್ದು. ಭೀಮಪ್ಪ ಏನಾಯಿತೆಂದು ತಿರುಗಿದಾಗ ಎರಡನೆಯದು ತೊಡೆಗೆ. ಕೊಡಲಿ ಮಾಂಸದಲ್ಲಿ ಸಿಕ್ಕಿಕೊಂಡಿತು. ಅಪ್ಪಾಸಾಬ ಕಾಲು ಕೊಟ್ಟು ಕಿತ್ತ. ರಕ್ತ ಬುಗ್ಗೆಯಂತೆ ಚಿಮ್ಮಿ ನೀರಿನ ಕಾಲುವೆಗೆ ಇಳಿದು, ಕಬ್ಬಿನ ಸಾಲುಗಳಲ್ಲಿ ನಿಧಾನಕ್ಕೆ ಹರಿಯಿತು. ನನ್ನ ಮುಖದ ಮೇಲಿನ ನಗು ಇಳಿಯಲಿಕ್ಕೂ ಪುರುಸೊತ್ತು ಆಗಲಿಲ್ಲ.

ಮಂದಿ ಸೇರಿತು. ಮಾಮಾ ಬಂದ. ಹೆಗಲ ಮೇಲೆ ಅದೇ ಕೊಕ್ಕೆ. ಮೊದಲು ತನ್ನ ರುಮಾಲು ಬಿಚ್ಚಿ ಭೀಮಪ್ಪನ ತೊಡೆಯನ್ನು ಬಿಗಿದ. ಏಳುವಾಗ ಕಲ್ಲು ಕಣ್ಣಿಗೆ ಬಿತ್ತು. ಅದರ ನೆತ್ತಿಯಲ್ಲಿ ಹೊಸ ಗೀರು. ಕೊಕ್ಕೆಯನ್ನು ಹೆಗಲಿನಿಂದ ಇಳಿಸಿ ಅದರ ತುದಿ ನೋಡಿದ. ಒಂದು ಬದಿಗೆ ಸುಣ್ಣ, ಒಂದು ಬದಿಗೆ ಕೆಮ್ಮಣ್ಣು. ಆಮೇಲೆ ನನ್ನನ್ನು ನೋಡಿದ. ಅವನಿಗೆ ಸಿಟ್ಟು ಬರಿಸಬೇಕೆಂದು ಅಷ್ಟು ವರ್ಷ ಹೆಣಗಿದ್ದೆನಲ್ಲ, ಅಂದು ಬಂದಿತ್ತು. ನೋಡಲಿಕ್ಕೆ ನನ್ನಿಂದಾಗಲಿಲ್ಲ.

ಮಾಮಾ ಬೆನ್ನು ತಿರುಗಿಸಿ ಬಗ್ಗಿದ. ಅಪ್ಪಾಸಾಬನ ಕೊಡಲಿಯನ್ನು ಯಾರೋ ಕಸಿದುಕೊಂಡಿದ್ದರು, ಅವನು ಅಲ್ಲೇ ನಿಂತಿದ್ದ. ಕಾಲಿನ ಕಡೆ ನೀ ಹಿಡಿ ಎಂದು ಮಾಮಾ ಅವನಿಗೆ ಹೇಳಿದ.

"ತಲಿ ಕಡೆ ಸಾವಕಾರ ಹಿಡೀರಿ."

ನಾನು ರಕ್ತ ಮುಟ್ಟುವವನಲ್ಲ, ನಮ್ಮ ಧರ್ಮದಲ್ಲಿ ಹಾಗಿಲ್ಲ ಎಂದು ತೊದಲಿದೆ.

"ಹೊಡದವ್ರ ಎತ್ತಿ ಕೊಡಬೇಕ. ನನ್ನ ಪದ್ಧತಿ ನಿಮಗ ಗೊತ್ತೈತಿ."

ಕೂಡಿದ್ದವರು ಆ ಮಾತು ಅಪ್ಪಾಸಾಬನಿಗೆ ಹೇಳಿದ್ದೆಂದು ತಿಳಿದರು. ನಾನು ಹತ್ತಿರ ನಿಂತಿದ್ದರಿಂದ ನನ್ನನ್ನು ಕರೆದನೆಂದು ತಿಳಿದರು. ನಾನು ಬಗ್ಗಿ ಭೀಮಪ್ಪನ ಕಂಕುಳಲ್ಲಿ ಕೈ ಹಾಕಿದೆ. ಮುರಿದ ಎಲುಬು ಕೈಯಲ್ಲಿ ಕಟಕಟ ಅಂದಿತು. ತೂಕ ಗೊತ್ತಾಯಿತು. ಬೆಲ್ಲದ ಚೀಲಕ್ಕಿಂತ ಹೆಚ್ಚು.

ಗಾಡಿಯಲ್ಲಿ ಭೀಮಪ್ಪನ ತಲೆ ನನ್ನ ತೊಡೆಯ ಮೇಲೆ, ಭುಜದ ಗಾಯದ ಮೇಲೆ ಒತ್ತಿದ ಟವಲು ನನ್ನ ಕೈಯಲ್ಲಿ. ಟವಲು ತುಂಬಿ ಬೆರಳ ಸಂದಿನಿಂದ ಬಿಸಿ ಬಿಸಿ ಇಳಿಯುತ್ತಿತ್ತು. ನನಗೆ ಕಣ್ಣು ಕತ್ತಲೆ ಬಂದು ಕೈ ಸಡಿಲಾಯಿತು. ಮಾಮಾ ನನ್ನ ಮೊಣಕೈ ಹಿಡಿದು ಅಲುಗಿಸಿದ.

"ಕೈ ಬಿಡಬ್ಯಾಡ್ರಿ, ಸಾಯತಾನ. ಓದ್ರಿ. ಅವತ್ತ ಓದಿದ್ರೆಲ್ಲ, ಅದನ್ನ ಓದ್ರಿ."

ಚಿಂಚಲಿ, ಕುಡಚಿ, ಉಗಾರ, ಶೇಡಬಾಳ. ಮುಗಿದರೆ ಮತ್ತೆ ಚಿಂಚಲಿ. ಮಿರಜ ಬರುವವರೆಗೂ ಓದಿದೆ, ಒಂದು ಸಲವೂ ಉಗಾರ ಬಿಡಲಿಲ್ಲ.

ಭೀಮಪ್ಪ ಉಳಿದ, ಬಲಗೈ ಉಳಿಯಲಿಲ್ಲ. ದವಾಖಾನೆಯಲ್ಲಿ ಮಾಮಾ ನನ್ನನ್ನು ಊರಿಗೆ ಬಿಡಲಿಲ್ಲ. ಮನೆಯಲ್ಲಿ ಉಂಡ ತಾಟು ಎತ್ತದವನು ಅಲ್ಲಿ ಭೀಮಪ್ಪನ ಹೇಲುಚ್ಚೆ ಎತ್ತಿದೆ. ಕೀವಿನ ಬಟ್ಟೆ ಒಗೆದೆ. ನಾಲ್ಕನೆಯ ದಿನಕ್ಕೆ ನನಗೆ ಗೊತ್ತಿಲ್ಲದೆ ನಾನೂ ಆ ರಾಗ ಗುನುಗುತ್ತಿದ್ದೆ. ಪಕ್ಕದ ಮಂಚದವನು ಹೇಳಿದಾಗಲೇ ತಿಳಿದದ್ದು. ನನಗೆ ಅದು ಸುಖವೆಂದು ಗೊತ್ತಾಯಿತು, ಕೂಡಲೇ ಹೊಟ್ಟೆಯಲ್ಲಿ ಕಲ್ಲೂ ಇದೆ ಎಂದು ಗೊತ್ತಾಯಿತು. ಭೀಮಪ್ಪ ನನ್ನ ಕೈ ಹಿಡಿದು, ರಕ್ತ ಹಂಚಿಕೊಂಡವನು ಕಡಿದ, ಯಾರೂ ಅಲ್ಲದ ನೀನು ದೇವರ ಹಾಗೆ ಬಂದೆ ಎಂದು ಅಳುತ್ತಿದ್ದ. ಅತ್ತು ಮುಗಿಸಿ ಹಲ್ಲು ಕಡಿಯುತ್ತಿದ್ದ. ಎದ್ದ ದಿನ ಎಡಗೈಯಲ್ಲಾದರೂ ಅವನ ರುಂಡ ಇಳಿಸುತ್ತೇನೆ ಎನ್ನುತ್ತಿದ್ದ. ಬಾಯಿ ಮಾತಲ್ಲ ಅದು. ಅಪ್ಪಾಸಾಬ ಜಾಮೀನಿನ ಮೇಲೆ ಹೊರಗೆ ಬಂದು, ಇಂದಲ್ಲ ನಾಳೆ ಬರುತ್ತಾನೆಂದು ಕೊಡಲಿ ಮಸೆದು ಕೂತಿದ್ದಾನೆಂಬ ಸುದ್ದಿಯೂ ಬಂತು.

ವರಾಂಡದಲ್ಲಿ ಮಾಮಾನನ್ನು ಕೇಳಿದೆ.

"ಹೇಳಿ ಬಿಡತೀಯೇನು ಮಾಮಾ?"

"ನಾ ಯಾಕ ಹೇಳ್ಲಿ? ಆ ಕಲ್ಲ ನನ್ನ ಹೊರಿ ಅಲ್ಲ."

"ಮತ್ತ ನಾ ಏನ್ ಮಾಡ್ಲಿ? ಹೇಳಿದ್ರ ನನ್ನ ಕೊಲ್ಲತಾರ."

"ಹೇಳದಿದ್ರ ಅವರೊಳಗ ಒಬ್ಬಾಂವ ಸಾಯತಾನ. ನೀವು ಹೇಳೂದಾದ್ರ ನಾ ಅಲ್ಲೇ ಇರತೀನಿ. ಅಷ್ಟ ನನ್ನ ಕೈಲಾಗೂದು."

ಭೀಮಪ್ಪ ಊರಿಗೆ ಬಂದ ಮೂರನೆಯ ದಿನ ಎಡಗೈಯಲ್ಲಿ ಕುಡುಗೋಲು ಹಿಡಿದು ಬಾಂದಗಲ್ಲಿನ ಹತ್ತಿರ ಹೋಗಿ ಕೂತ. ಆ ಕಡೆಯಿಂದ ಅಪ್ಪಾಸಾಬ ಕೊಡಲಿ ಹಿಡಿದು ಬಂದ. ಸೂರ್ಯ ನೆತ್ತಿಯ ಮೇಲಿದ್ದ. ನಾನು ಮಾಮಾನ ಹತ್ತಿರ ಕೊಕ್ಕೆ ಕೇಳಿದೆ. ಯಾಕೆ ಎನ್ನದೆ ಕೊಟ್ಟು ಹಿಂದೆಯೇ ಬಂದ.

ಇಬ್ಬರ ನಡುವೆ ಹೋಗಿ ಕಲ್ಲಿನ ನೆತ್ತಿಗೆ ಕೊಕ್ಕೆ ಹಾಕಿದೆ. ಎಳೆಯುವಾಗ ಅಂದು ಇರದ ಭಾರ. ಎರಡು ಹೆಜ್ಜೆ ಎಳೆದು, ರವದಿ ಕೆದರಿ, ಹಳೆಯ ಕುಣಿ ತೋಡಿ, ಕಲ್ಲನ್ನು ಅದರಲ್ಲಿ ಇಳಿಸಿದೆ. ಗೂಡಿನಲ್ಲಿ ಹಕ್ಕಿ ಕೂತ ಹಾಗೆ ಕೂತಿತು. ಇಬ್ಬರೂ ಬಾಯಿ ತೆರೆದು ನೋಡುತ್ತಿದ್ದರು.

"ನಾ ಸರಸೀದ್ದೆ. ಚೇಷ್ಟಾಕ."

ಇಪ್ಪತ್ತು ವರ್ಷ ಒಂದು ಕೆಲಸವನ್ನೂ ಕೂಡಿ ಮಾಡದವರು ಅಂದು ಒಂದು ಕೆಲಸ ಕೂಡಿ ಮಾಡಿದರು. ಭೀಮಪ್ಪ ಕುಡುಗೋಲಿನ ಹಿಡಿಯಿಂದ ಬಾಯಿಗೆ ಹೊಡೆದ, ಎರಡು ಹಲ್ಲು ನಾಲಿಗೆಯ ಮೇಲೆ ಬಂದವು. ಅಪ್ಪಾಸಾಬ ಕೊಡಲಿ ತಿರುಗಿಸಿ ಅದರ ಹಿಂಬದಿಯಿಂದ ಕಾಲಿಗೆ ಹಾಕಿದ, ಎಲುಬು ಚರ್ಮ ಹರಿದು ಹೊರಗೆ ಇಣುಕಿತು. ಬಿದ್ದೆ. ಒದ್ದರು. ಯಾರ ಕಾಲು ಯಾವುದೆಂದು ತಿಳಿಯಲಿಲ್ಲ. ಈ ಸಲ ಕೊಡಲಿ ಅಲಗಿನ ಬದಿ ತಿರುಗಿಸಿಕೊಂಡು ಮೇಲೆದ್ದದ್ದು ಕಂಡಿತು. ಕಣ್ಣು ಮುಚ್ಚಿದೆ.

ನನ್ನ ಮೇಲೆ ಏನೋ ಭಾರ ಬಿತ್ತು. ಬೆಲ್ಲದ, ಬೆವರಿನ, ಗೋಣಿಯ ವಾಸನೆ. ಮಾಮಾ ನನ್ನ ಮೇಲೆ ಬೋರಲು ಮಲಗಿದ್ದ. ಕೊಡಲಿ ನಿಲ್ಲಲಿಲ್ಲ, ಇಳಿಯುತ್ತಿದ್ದುದು ಓರೆಯಾಗಿ ಅವನ ಬೆನ್ನಿಗೆ ತಗಲಿತು. ಆ ಕಾಯಿಗಟ್ಟಿದ ಚರ್ಮ ಇದ್ದುದರಿಂದ ಬಹಳ ಆಳಕ್ಕೆ ಹೋಗಲಿಲ್ಲ. ಅವನ ಬಿಸಿ ರಕ್ತ ನನ್ನ ಕುತ್ತಿಗೆಗೆ ಇಳಿದು ನನ್ನ ರಕ್ತದ ಜೊತೆ ಕೂಡಿತು. ಆಮೇಲೆ ಏಟು ಬೀಳಲಿಲ್ಲ. ಭೀಮಪ್ಪನನ್ನು ಹೊತ್ತ ಬೆನ್ನಲ್ಲವೇ ಅದು. ಅಪ್ಪಾಸಾಬನ ಮಗಳ ಹೆರಿಗೆ ಕಷ್ಟವಾದಾಗ ಆಕೆಯನ್ನು ಹೊತ್ತು ಓಡಿದ್ದೂ ಅದೇ ಬೆನ್ನು.

ಮಾಮಾ ಎದ್ದ. ಅಂಗಿ ಸೀಳಿ ಬೆನ್ನೆಲ್ಲ ಕೆಂಪಾಗಿತ್ತು. ಆ ಬೆನ್ನನ್ನೇ ತಿರುಗಿಸಿ, ಮೊಣಕಾಲಿಗೆ ಕೈ ಊರಿ ಬಗ್ಗಿದ.

"ಹೂಂ, ಕೊಡ್ರಿ. ಇಬ್ಬರೂ."

ಭೀಮಪ್ಪ ಒಂದೇ ಕೈಯಲ್ಲಿ, ಅಪ್ಪಾಸಾಬ ಎರಡು ಕೈಯಲ್ಲಿ, ನನ್ನನ್ನು ಎತ್ತಿ ಕೊಟ್ಟರು. ಎತ್ತುವಾಗ ಇಬ್ಬರ ತಲೆ ಒಂದಕ್ಕೊಂದು ತಾಗಿತು. ಸರಿ ಹಿಡಿಯೋ ಎಂದು ಒಬ್ಬ ಬೈದ, ಹಿಡಿದೇನಲ್ಲೋ ಎಂದು ಇನ್ನೊಬ್ಬ ಅಂದ. ಇಪ್ಪತ್ತು ವರ್ಷದಲ್ಲಿ ಅವರು ಆಡಿದ ಮೊದಲ ಮಾತು ಅದು. ಈ ಚೇಷ್ಟೆಯೂ ನನ್ನದೇ ಎಂದು ನಾನು ಈಗ ಹೇಳಿಕೊಂಡು ತಿರುಗುತ್ತೇನೆ, ನಂಬುವವರು ಕಡಿಮೆ.

ಟೇಸನ್ನಿನ ದಾರಿಯಲ್ಲಿ ಮಾಮಾ ಗುನುಗುತ್ತಿದ್ದ. ಬೆನ್ನಿನಿಂದ ರಕ್ತ, ಬಾಯಲ್ಲಿ ಹಾಡು. ಹಲ್ಲು ಉದುರಿದ ಬಾಯಿಂದ ಕೇಳಿದೆ, ನನ್ನಿಂದ ನಿನಗೆ ಇಷ್ಟೆಲ್ಲ ಆಯಿತು, ಯಾವ ಸುಖಕ್ಕೆ ಹಾಡುತ್ತಿ? ಅವನು ಒಂದು ಹೆಜ್ಜೆ ನಿಂತು, ಚೀಲ ಸರಿಮಾಡಿಕೊಳ್ಳುವ ಹಾಗೆ ನನ್ನನ್ನು ಮೇಲಕ್ಕೆ ಎಗರಿಸಿಕೊಂಡ.

"ಹಗರ ಆಗೀರಿ, ಸಾವಕಾರ," ಎಂದ.

ಅವನು ಹೋದದ್ದು ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಹೊಡೆತದಿಂದಲ್ಲ, ಜ್ವರದಿಂದ. ಅವರ ಪಾದ್ರಿ ಹತ್ತು ಮಂದಿ ಬಂದಾರು ಎಂದುಕೊಂಡಿದ್ದರು. ಅಥಣಿಯಿಂದ, ಮಂಗಸೂಳಿಯಿಂದ, ಪಾಲಬಾವಿಯಿಂದ, ನಿಪ್ಪಾಣಿಯಿಂದ ಬಂದವರಿಗೆ ಆ ಸಣ್ಣ ಚರ್ಚಿನ ಅಂಗಳ ಸಾಲಲಿಲ್ಲ. ಒಬ್ಬನಿಗೆ ಕಿವಿಯಿಲ್ಲ, ಒಬ್ಬನ ಕೆನ್ನೆಯಲ್ಲಿ ಉದ್ದ ಗಾಯ. ಬಲಗೈ ಸುಟ್ಟು ಮುರುಟಿದವನ ಪಕ್ಕದಲ್ಲಿ ಅದೇ ಹದ ನೋಡುವವನು ನಿಂತಿದ್ದ, ಅಂಗೈ ಬೆಳ್ಳಗಾಗಿತ್ತು.

ಪೆಟ್ಟಿಗೆ ಹೊರುವವರು ಯಾರು ಎಂದು ಪಾದ್ರಿ ಕೇಳಿದರು. ಹೊಡೆದವರೆಲ್ಲ ಮುಂದೆ ಬಂದರು. ನಾನೂ ಕುಂಟುತ್ತ ಹೋಗಿ ತಲೆಯ ಕಡೆ ಹಿಡಿದೆ. ನನ್ನ ಎದುರಿಗೆ ಅಪ್ಪಾಸಾಬ, ಹಿಂದೆ ಭೀಮಪ್ಪ ಒಂದೇ ಕೈಯಲ್ಲಿ.

ಅರ್ಧ ದಾರಿಗೆ ಕಣ್ಣು ಕತ್ತಲೆ ಬಂತು. ಕೈ ಬಿಡಬಾರದೆಂದು ಬಾಯಿಗೆ ಬಂದದ್ದನ್ನು ಓದತೊಡಗಿದೆ. ಚಿಂಚಲಿ. ಕುಡಚಿ. ಉಗಾರ. ಶೇಡಬಾಳ. ಮಿರಜ. ಮತ್ತೆ ಚಿಂಚಲಿ. ನನ್ನ ದನಿ ಎತ್ತರವಾಗಿದ್ದುದು ನನಗೆ ತಿಳಿಯಲಿಲ್ಲ. ಹಿಂದಿನಿಂದ ಭೀಮಪ್ಪ ಅದು ಅವರ ಪ್ರಾರ್ಥನೆಯೆಂದು ತಿಳಿದು, ಪ್ರತಿ ಸಲ ಮಿರಜ ಬಂದಾಗ, ಭಕ್ತಿಯಿಂದ ಆಮೆನ್ ಎನ್ನುತ್ತಿದ್ದ.

ನಾನು ಅವನನ್ನು ತಿದ್ದಲಿಲ್ಲ.